ಕೇಂದ್ರ ಸರ್ಕಾರದ ಕಚೇರಿಗಳು ನಮ್ಮಂಥವರಿಗೆ ಉತ್ತರ ಕೊಡಲೇಬೇಕಾ?

ಹೌದು, ಕೊಡಲೇಬೇಕು. ಕಾರವಾರದಲ್ಲಿ ಇರುವವರಿಗೆ ಈ ಪ್ರಶ್ನೆ ಬರುವುದು ಸಹಜ. ನೌಕಾನೆಲೆ, ಕೈಗಾ ಅಣುವಿದ್ಯುತ್ ಸ್ಥಾವರ, ರೈಲು, ಅಂಚೆ, ಹೆದ್ದಾರಿ ಎಲ್ಲವೂ ದೆಹಲಿಯ ಕೈಯಲ್ಲಿವೆ, ಆದರೆ ಅವುಗಳಿಂದ ಬದುಕು ಬದಲಾಗಿದ್ದು ಇಲ್ಲಿನವರದ್ದು ಅಲ್ವಾ? ಈ ನೌಕಾನೆಲೆ ಕಟ್ಟುವ ಸೀಬರ್ಡ್ ಯೋಜನೆಗೆ ಮನೆ, ಗದ್ದೆ, ಕಡಲತೀರ ಬಿಟ್ಟುಕೊಟ್ಟ ಮೀನುಗಾರರು, ರೈತರು ಪರಿಹಾರಕ್ಕಾಗಿ ವರ್ಷಗಟ್ಟಲೆ ಓಡಾಡಿದ್ದನ್ನು ನಾವು ನೋಡಿದ್ದೇವೆ.

2005ರ ಮಾಹಿತಿ ಹಕ್ಕು ಕಾಯ್ದೆ ಇರುವುದೇ ಇದಕ್ಕೆ. ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು, ಕೇಂದ್ರದ ಕಚೇರಿ ಆದರೂ ಸರಿ, ಇದು ಜಾಸ್ತಿ ಜನರಿಗೆ ಗೊತ್ತೇ ಇಲ್ಲ. ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿರುವವರಿಗೆ ಅದೂ ಇಲ್ಲ. ಯಾಕೆ ಕೇಳುತ್ತಿದ್ದೀರಿ ಅಂತ ಅವರು ಕೇಳುವ ಹಾಗಿಲ್ಲ. ತಪ್ಪು ಕಚೇರಿಗೆ ಹೋದರೆ 5 ದಿನದೊಳಗೆ ಅವರೇ ಸರಿಯಾದ ಕಡೆಗೆ ಕಳಿಸಬೇಕು. ಉತ್ತರಕ್ಕೆ 30 ದಿನ. ಬರದಿದ್ದರೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಕೇಂದ್ರ ಮಾಹಿತಿ ಆಯೋಗ.

ದೇಶದ ಭದ್ರತೆಯ ವಿಷಯ ಕೊಡುವುದಿಲ್ಲ, ಅದು ಸರಿಯೇ. ಆದರೆ ನಿಮ್ಮ ಪರಿಹಾರದ ಕಡತ ಯಾರ ಮೇಜಿನ ಮೇಲಿದೆ ಅನ್ನುವುದು ಭದ್ರತೆಯ ಗುಟ್ಟಲ್ಲ.

ಒಂದು ಮಾತು: ಸುಮ್ನೆ "ಯಾಕೆ ತಡ?" ಅಂತ ಬರೆಯಬೇಡಿ. ಕಡತದ ಪ್ರತಿ, ಟಿಪ್ಪಣಿ ಹಾಳೆ (ಕಡತದಲ್ಲಿ ಅಧಿಕಾರಿಗಳು ಬರೆದ ಅಭಿಪ್ರಾಯ), ಆದೇಶದ ದಿನಾಂಕ ಹೀಗೆ ದಾಖಲೆಯನ್ನೇ ಕೇಳಿ. ಅರ್ಜಿಯ ನಕಲು, ಸ್ಪೀಡ್ ಪೋಸ್ಟ್ ರಸೀದಿ ಜೋಪಾನವಾಗಿ ಇಟ್ಟುಕೊಳ್ಳಿ, ಮೇಲ್ಮನವಿಗೆ ಬೇಕಾಗುತ್ತದೆ.