ಹೊಸ ತಂತ್ರಜ್ಞಾನದಿಂದ ಸಣ್ಣ ಉದ್ಯಮಕ್ಕೂ ಪರಿಸರಕ್ಕೂ ನಿಜವಾಗಿ ಒಳ್ಳೆಯದಾಗುತ್ತಾ? ಮಂಡ್ಯದ ಆಲೆಮನೆಯಿಂದ ಒಂದು ಉತ್ತರ

ನೀವು ಕೇಳಿದ್ದು ಇಷ್ಟು: ಹೊಸ ತಂತ್ರಜ್ಞಾನ ಬಂದರೆ ಖರ್ಚೂ ಇಳಿಯುತ್ತದೆ, ಪರಿಸರವೂ ಉಳಿಯುತ್ತದೆ ಅಂತ ಕಾಲೇಜಿನಲ್ಲಿ ಹೇಳಿಕೊಡುತ್ತಾರೆ, ಉದ್ಯಮ ನಡೆಸುವವರ ಅನುಭವವೂ ಹಾಗೇ ಇದೆಯಾ? ನಮ್ಮದು ಮಂಡ್ಯ ತಾಲ್ಲೂಕಿನಲ್ಲಿ ಒಂದು ಆಲೆಮನೆ. ಅಪ್ಪ ಶುರು ಮಾಡಿದ್ದು, ಹನ್ನೊಂದು ವರ್ಷದಿಂದ ನಾನು ನೋಡಿಕೊಳ್ಳುತ್ತಿದ್ದೇನೆ. ನನಗೆ ಗೊತ್ತಿರುವುದು ಬೆಲ್ಲ, ಅದನ್ನೇ ಹೇಳುತ್ತೇನೆ.

ಆಲೆಮನೆಗಳಲ್ಲಿ ತುಂಬಾ ಬೇಗ ಹರಡಿದ ಹೊಸದು ಯಾವುದು ಗೊತ್ತಾ? ಹೈಡ್ರೋಸ್. ಸೋಡಿಯಂ ಹೈಡ್ರೋಸಲ್ಫೈಟ್ ಅನ್ನುವ ಬಿಳಿ ಪುಡಿ ಅದು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳಲ್ಲಿ ಬಳಸುತ್ತಾರೆ. ಕುದಿಯುವ ಕಬ್ಬಿನ ಹಾಲಿಗೆ ಒಂದಿಷ್ಟು ಹಾಕಿದರೆ ಬೆಲ್ಲ ಹಳದಿಗೆ ತಿರುಗುತ್ತದೆ. ಸ್ವಲ್ಪ ದಿನ ಇಟ್ಟರೆ ಬಣ್ಣ ಮತ್ತೆ ಕಪ್ಪಾಗುತ್ತದೆ, ಆದರೆ ಅಷ್ಟರಲ್ಲಿ ಬೆಲ್ಲ ಮಾರಾಟವಾಗಿ ಹೋಗಿರುತ್ತದೆ. ಗಂಧಕದ ಅಂಶ ಮಾತ್ರ ತಿನ್ನುವವರ ಹೊಟ್ಟೆ ಸೇರುತ್ತದೆ. ತಾತನ ಕಾಲದಲ್ಲಿ ಬೆಂಡೆ ಗಿಡದ ಕಾಂಡ ಜಜ್ಜಿ, ಅದರ ಲೋಳೆಯಿಂದ ಹಾಲಿನ ಕೊಳೆ ಎತ್ತುತ್ತಿದ್ದರು. ಸುಣ್ಣದ ತಿಳಿ ಹಾಕುತ್ತಿದ್ದರು. ಬೆಲ್ಲ ಕಂದು ಬಣ್ಣಕ್ಕೇ ಇರುತ್ತಿತ್ತು.

ಆ ಹಳೆ ಪದ್ಧತಿ ಬಿಟ್ಟಿದ್ದು ಯಾಕೆ ಅಂದರೆ ಮಾರುಕಟ್ಟೆಗಾಗಿ. ಒಂದು ಸಲ ಹೈಡ್ರೋಸ್ ಹಾಕದೆ ಮಾಡಿದ ಅಚ್ಚು ಬೆಲ್ಲ ತೆಗೆದುಕೊಂಡು ಹೋಗಿದ್ದೆ. ಮಂಡಿಯವರು ಅಪ್ಪನ ಮುಖ ನೋಡಿ, "ಏನ್ ಗೌಡ್ರೇ, ಬಣ್ಣಾನೇ ಇಲ್ವಲ್ಲ" ಅಂದು ರೇಟು ಇಳಿಸಿಬಿಟ್ಟರು. ಅಪ್ಪ ದಾರಿಯುದ್ದಕ್ಕೂ ಮಾತಾಡಲಿಲ್ಲ. ಯಾವ ತಂತ್ರಜ್ಞಾನ ಉಳಿಯಬೇಕು ಅನ್ನುವುದನ್ನು ಕೊಳ್ಳುವವರ ಕಣ್ಣೇ ತೀರ್ಮಾನ ಮಾಡುತ್ತೆ ಅಂತ ನನಗೆ ಅರ್ಥವಾಗಿದ್ದು ಅವತ್ತು.

ಈಗ ಒಲೆಯ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ಟನ್ ಕಬ್ಬು ಅರೆದರೆ ಸುಮಾರು 600 ಕೆಜಿ ಹಾಲು ಬರುತ್ತದೆ. ಕೊನೆಗೆ ಸಿಗುವ ಬೆಲ್ಲ 100 ಕೆಜಿ ಆಸುಪಾಸು. ಅಂದರೆ ಒಂದು ಕೆಜಿ ಬೆಲ್ಲಕ್ಕೆ ಐದು ಲೀಟರ್ ನೀರನ್ನು ಆವಿ ಮಾಡಿ ಕಳಿಸಬೇಕು. ಆಲೆಮನೆಯ ಖರ್ಚು, ಹೊಗೆ, ಪರಿಸರ ಎಲ್ಲ ನಿಂತಿರುವುದು ಈ ಲೆಕ್ಕದ ಮೇಲೆ. ನಮ್ಮ ಹಳೆ ಒಲೆಗೆ ಒಂದೇ ಕೊಪ್ಪರಿಗೆ. ಉರಿ ಕೊಪ್ಪರಿಗೆಯ ತಳ ಸವರಿಕೊಂಡು ನೇರ ಚಿಮಣಿಗೆ ಹೋಗುತ್ತಿತ್ತು. ಅರ್ಧಕ್ಕಿಂತ ಜಾಸ್ತಿ ಬಿಸಿ ಆಕಾಶದ ಪಾಲು. ಹಾಗಾಗಿ ನಮ್ಮದೇ ಕಬ್ಬಿನ ಸಿಪ್ಪೆ ಉರಿಗೆ ಸಾಲುತ್ತಿರಲಿಲ್ಲ. ಸೌದೆ ದುಬಾರಿ. ಎರಡು ಸೀಸನ್ ಹಳೆ ಟೈರ್ ತಂದು ಸುಟ್ಟೆವು. ಹೇಳಲು ನಾಚಿಕೆಯಾಗುತ್ತದೆ, ಆದರೂ ಮುಚ್ಚಿಡುವುದಿಲ್ಲ. ಅಮ್ಮ ಒಣಗಲು ಹಾಕಿದ ಬಟ್ಟೆಯ ಮೇಲೆ ಮಸಿ ಕೂರುತ್ತಿತ್ತು. ಒಲೆಗೆ ಉರಿ ಹಾಕುವ ಹುಡುಗರು ರಾತ್ರಿಯೆಲ್ಲ ಕೆಮ್ಮುತ್ತಿದ್ದರು.

ಆಮೇಲೆ ಒಲೆ ಬದಲಾಯಿಸಿದೆವು. ಒಂದೇ ಸಾಲಿನಲ್ಲಿ ಮೂರು ಕೊಪ್ಪರಿಗೆ. ಮೊದಲನೆಯದರ ಕೆಳಗೆ ಉರಿ. ಅಲ್ಲಿಂದ ಹೊರಟ ಬಿಸಿ ಗಾಳಿ ಎರಡನೆಯದು, ಮೂರನೆಯದರ ಕೆಳಗೆ ಹಾದು ಚಿಮಣಿಗೆ ಹೋಗುತ್ತದೆ. ಕೊನೆಯ ಕೊಪ್ಪರಿಗೆಯಲ್ಲಿ ಹಾಲು ಬರೀ ಬೆಚ್ಚಗಾಗುತ್ತದೆ, ಮೊದಲನೆಯದಕ್ಕೆ ಬರುವ ಹೊತ್ತಿಗೆ ಅರ್ಧ ಕೆಲಸ ಮುಗಿದಿರುತ್ತದೆ. ಕೆಳಗೆ ಕಬ್ಬಿಣದ ಜಾಲರಿ ಇಟ್ಟಿದ್ದರಿಂದ ಗಾಳಿ ಚೆನ್ನಾಗಿ ಆಡುತ್ತದೆ. ಹಸಿ ಸಿಪ್ಪೆಯಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಅದನ್ನು ಬಿಸಿಲಿಗೆ ಚೆನ್ನಾಗಿ ಒಣಗಿಸಿಯೇ ಹಾಕುತ್ತೇವೆ. ಇಷ್ಟೇ. ಕರೆಂಟ್ ಬೇಡ, ಸಾಫ್ಟ್‌ವೇರ್ ಬೇಡ. ನಮ್ಮೂರಿನ ಗಾರೆ ಕೆಲಸದವರೇ ಇಟ್ಟಿಗೆ, ಮಣ್ಣಿನಲ್ಲಿ ಕಟ್ಟಿದರು. ಈಗ ಸಿಪ್ಪೆ ಸಾಲುತ್ತದೆ. ಮಿಕ್ಕಿದ್ದು ಗೊಬ್ಬರದ ಗುಂಡಿಗೆ ಹೋಗುತ್ತದೆ. ಟೈರ್ ನಿಂತುಹೋಯಿತು. ಪರಿಸರದ ಮೇಲಿನ ಪ್ರೀತಿಗೆ ಮಾತ್ರ ನಿಲ್ಲಿಸಿದೆವು ಅಂದರೆ ಸುಳ್ಳಾಗುತ್ತದೆ, ಕೊಳ್ಳುವ ಖರ್ಚು ಉಳಿಯಿತು ಅಂತಲೇ ನಿಲ್ಲಿಸಿದ್ದು. ಆದರೆ ಹೊಗೆ ಕಡಿಮೆಯಾಗಿದ್ದು ನಿಜ.

ಎಲ್ಲವೂ ಹೀಗೆ ಕೈ ಹಿಡಿಯಲಿಲ್ಲ. ಒಂದು ಕಂಪನಿಯವರು ಶಾಖ ನೋಡುವ ಡಿಜಿಟಲ್ ಪ್ಯಾನೆಲ್ ಹಾಕಿಕೊಟ್ಟರು. ವಾರದೊಳಗೆ ಅದರ ಸೆನ್ಸರ್ ಮೇಲೆ ಪಾಕ ಗಟ್ಟಿಯಾಗಿ ಕೂತು ತಪ್ಪು ಅಂಕಿ ತೋರಿಸತೊಡಗಿತು. ಎರಡು ಕೊಪ್ಪರಿಗೆ ಪಾಕ ಸೀದುಹೋಯಿತು. ಫೋನ್ ಮಾಡಿದರೆ ಆ ಕಡೆಯಿಂದ ಯಾರೂ ಎತ್ತಲಿಲ್ಲ. ಈಗ ಸಾಮಾನ್ಯ ಥರ್ಮಾಮೀಟರ್ ಇದೆ. ಅಚ್ಚು ಬೆಲ್ಲಕ್ಕೆ 118 ಡಿಗ್ರಿ ಸೆಲ್ಸಿಯಸ್ ಹತ್ತಿರ ಇಳಿಸುತ್ತೇವೆ. ಅದರ ಜೊತೆಗೆ ಹದ ನೋಡುವ ನಮ್ಮ ಅಣ್ಣ ತಣ್ಣೀರಿಗೆ ಪಾಕ ಬಿಟ್ಟು ಉಂಡೆ ಕಟ್ಟಿ ನೋಡುತ್ತಾರೆ. ಕಬ್ಬು ಕಡಿದು ಮೂರು ದಿನ ತಡವಾಗಿ ಬಂದಿದ್ದರೆ ಹದವೇ ಬೇರೆ. ಅದನ್ನು ಥರ್ಮಾಮೀಟರ್ ಹೇಳಲ್ಲ, ಅವರು ಹೇಳುತ್ತಾರೆ.

ದೊಡ್ಡ ಕಾರ್ಖಾನೆಗಳ ದಾರಿ ಬೇರೆ. ಅಲ್ಲಿ ಇದೇ ಸಿಪ್ಪೆಯನ್ನು ದೊಡ್ಡ ಬಾಯ್ಲರಿನಲ್ಲಿ ಸುಟ್ಟು ವಿದ್ಯುತ್ ಮಾಡಿ ಮಾರುತ್ತಾರೆ. ಪೆಟ್ರೋಲಿಗೆ ಶೇ 20ರಷ್ಟು ಎಥೆನಾಲ್ ಬೆರೆಸಲು ಕಬ್ಬು ಬೇಕು. ಕಾಗದದ ಮೇಲೆ ಇದು ಹಸಿರು. ಆದರೆ ಕಬ್ಬಿಗೆ ನೀರು ಬೇಕಲ್ಲ. ಮಂಡ್ಯಕ್ಕೆ ಕಬ್ಬು ಬಂದಿದ್ದೇ ಕೆಆರ್‌ಎಸ್ ಅಣೆಕಟ್ಟು, ವಿಶ್ವೇಶ್ವರಯ್ಯ ನಾಲೆ ಅನ್ನುವ ಆ ಕಾಲದ ಹೊಸ ತಂತ್ರಜ್ಞಾನದಿಂದ. ನೀರು ಬಂತು, 1933ರಲ್ಲಿ ಮೈಸೂರು ಸಕ್ಕರೆ ಕಾರ್ಖಾನೆ ಬಂತು, ಊರು ಬದುಕಿತು. ಹಾಗೇ ನೀರು ಕಟ್ಟಿ ಕಟ್ಟಿ ಕೆಲವು ಕಡೆ ಭೂಮಿ ಚೌಳಾಯಿತು. 2023ರಲ್ಲಿ ಮಳೆ ಕೈಕೊಟ್ಟು ಕೆಆರ್‌ಎಸ್ ತನ್ನ ಪೂರ್ಣ ಮಟ್ಟವಾದ 124.80 ಅಡಿ ಮುಟ್ಟಲಿಲ್ಲ. ನಾಲೆ ಒಣಗಿದಾಗ ನಮ್ಮ ಕಬ್ಬು ಗದ್ದೆಯಲ್ಲೇ ಬಾಡಿದ್ದನ್ನು ನಾನು ಮರೆತಿಲ್ಲ. ನನ್ನನ್ನು ಕೇಳಿದರೆ, ಎಥೆನಾಲ್‌ಗಿಂತ ಮೊದಲು ಹನಿ ನೀರಾವರಿಯ ಮಾತಾಡಬೇಕು.

ಫೋನಿನಿಂದಾದ ಉಪಯೋಗವನ್ನೂ ಹೇಳಿಬಿಡುತ್ತೇನೆ. 2023ರಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಊರುಗಳ ಹೊರಗೆ ಹೋದ ಮೇಲೆ ಹಳೇ ರಸ್ತೆಯ ಪಕ್ಕ ಬೆಲ್ಲ ಮಾರುವುದು ಕುಸಿಯಿತು. ಆಗ ನನ್ನ ಹೆಂಡತಿ ವಾಟ್ಸ್‌ಆ್ಯಪ್‌ನಲ್ಲಿ ಒಲೆಯ ವಿಡಿಯೊ ಹಾಕಿ, ಹೈಡ್ರೋಸ್ ಇಲ್ಲದ ಬೆಲ್ಲ ಕಂದು ಬಣ್ಣಕ್ಕಿರುವುದು ಯಾಕೆ ಅಂತ ವಿವರಿಸಿದಳು. ಬೆಂಗಳೂರಿನ ಕೆಲವು ಮನೆಗಳು ಖಾಯಂ ಗಿರಾಕಿಗಳಾದವು. ಅವರು ಬಣ್ಣ ಕೇಳುವುದಿಲ್ಲ, ರೇಟೂ ಮಂಡಿಗಿಂತ ಚೆನ್ನಾಗಿ ಸಿಗುತ್ತದೆ.

ಇನ್ನು ಮುಂದಿನ ಹೆಜ್ಜೆ ಆವಿಯಲ್ಲಿ ಬೆಲ್ಲ ಮಾಡುವ ಘಟಕ. ಬಾಯ್ಲರ್, ಸ್ಟೀಲ್ ಪಾತ್ರೆ ಎಲ್ಲ ಸೇರಿ ಲಕ್ಷಗಟ್ಟಲೆ ಬೇಕು. ಸಣ್ಣ ಆಹಾರ ಉದ್ಯಮಗಳಿಗೆ ನೆರವು ಕೊಡಲು 2020ರಲ್ಲಿ ಶುರುವಾದ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಜಿಲ್ಲೆಗೊಂದು ಉತ್ಪನ್ನ ಆರಿಸಿದ್ದಾರೆ, ಮಂಡ್ಯಕ್ಕೆ ಆರಿಸಿದ್ದು ಬೆಲ್ಲವನ್ನೇ. ಯೋಜನಾ ವೆಚ್ಚದ ಶೇ 35ರಷ್ಟು, 10 ಲಕ್ಷದವರೆಗೆ ಸಹಾಯಧನ ಇದೆ. ಉಳಿದಿದ್ದಕ್ಕೆ ಸಾಲವೇ ಗತಿ. ನಮ್ಮಲ್ಲಿ ಕೆಲಸಕ್ಕೆ ಉತ್ತರ ಪ್ರದೇಶದಿಂದ ಬರುವ ಏಳು ಜನ ಇದ್ದಾರೆ, ಘಟಕ ಬಂದರೆ ಅವರಲ್ಲಿ ಮೂವರಿಗೆ ಕೆಲಸ ಇರುವುದಿಲ್ಲ. ಅದೂ ತಲೆಯಲ್ಲಿ ಕೊರೆಯುತ್ತಿದೆ. ಅಪ್ಪನೂ ನಾನೂ ಕೂತು ಒಂದು ಲೆಕ್ಕ ಹಾಕಿದ್ದೇವೆ: ನಮ್ಮ ಬೆಲ್ಲದಲ್ಲಿ ಅರ್ಧ ಭಾಗವಾದರೂ ಹೀಗೆ ಖಾಯಂ ಗಿರಾಕಿಗಳಿಗೆ ಹೋಗುವಂತಾದರೆ ಬ್ಯಾಂಕಿಗೆ ಹೋಗುವುದು. ಈಗ ಕಾಲು ಭಾಗಕ್ಕೆ ಬಂದಿದ್ದೇವೆ.