ಪ್ರತಿಕ್ರಿಯೆ: ತಾಯಿಯ ಬೆಡ್ ಸೋರ್ ತೋರಿಸಿದರೂ ಕ್ಯಾನ್ಸರ್ ಡಾಕ್ಟರು ನೋಡುತ್ತಿಲ್ಲ

ತಾಯಿಯ ಬೆಡ್ ಸೋರ್ ತೋರಿಸಿದರೂ ಕ್ಯಾನ್ಸರ್ ಡಾಕ್ಟರು ನೋಡುತ್ತಿಲ್ಲ ಎಂದು ಬರೆದಿದ್ದೀರಿ. ಇದು ಬಹುಶಃ ಅಸಡ್ಡೆಯಲ್ಲ. ಬೆಡ್ ಸೋರ್, ಅಂದರೆ ಒಂದೇ ಕಡೆ ಮಲಗಿ ಒತ್ತಡದಿಂದ ಆಗುವ ಹಾಸಿಗೆ ಹುಣ್ಣು, ನರ್ಸ್‌ಗಳು ನೋಡಿಕೊಳ್ಳುವ ವಿಷಯ ಅಂದುಕೊಂಡಿರುವ ಡಾಕ್ಟರುಗಳು ಬಹಳ. ಅವರ ಗಮನವೆಲ್ಲ ಗೆಡ್ಡೆ, ಕೀಮೋ, ರಕ್ತದ ರಿಪೋರ್ಟಿನ ಮೇಲೆ. "ಬೆನ್ನು ಕೆಂಪಾಗಿದೆ" ಅಂದರೆ "ಪೌಡರ್ ಹಾಕಿ" ಎಂಬ ಉತ್ತರ ಬರುವುದು ಹೀಗೆ.

ಮೊದಲು ಆ ಜಾಗವನ್ನು ಬೆರಳಿನಿಂದ ಒತ್ತಿ ಬಿಡಿ. ಬಿಳಿಚಿಕೊಳ್ಳದೆ ಕೆಂಪಾಗಿಯೇ ಉಳಿದರೆ ಹುಣ್ಣು ಶುರುವಾಗಿದೆ ಎಂದರ್ಥ. ಮೈಬಣ್ಣ ಕಪ್ಪಾಗಿದ್ದರೆ ಕೆಂಪು ಕಾಣದೇ ಇರಬಹುದು. ಸುತ್ತಲಿಗಿಂತ ಬಿಸಿಯೋ ಗಟ್ಟಿಯೋ ಇದೆಯೇ ಮುಟ್ಟಿ ನೋಡಿ. ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ. ಯಾವ ಹಂತ ಎಂದು ನಿಮ್ಮ ವಿವರಣೆಯಿಂದ ನಾನು ಹೇಳಲಾರೆ.

ರೌಂಡ್ಸ್ ವೇಳೆ ಫೋಟೋ ತೋರಿಸಿ ಮೂರೇ ಪ್ರಶ್ನೆ ಕೇಳಿ: ಯಾವ ಡ್ರೆಸ್ಸಿಂಗ್, ಎಷ್ಟು ದಿನಕ್ಕೊಮ್ಮೆ? ಮಗ್ಗುಲು ಬದಲಿಸುವ ಮೊದಲು ನೋವಿನ ಔಷಧಿ ಕೊಡಬಹುದೇ? ಪ್ಯಾಲಿಯೇಟಿವ್ ಕೇರ್ (ನೋವು, ಯಾತನೆ ತಗ್ಗಿಸುವ ಆರೈಕೆ) ತಂಡಕ್ಕೆ ಬರೆದುಕೊಡುತ್ತೀರಾ? ಮೂರನೆಯದನ್ನು ಮಾತ್ರ ಬಿಡಬೇಡಿ. ಹುಣ್ಣನ್ನು ನೋವೆಂದೇ ಪರಿಗಣಿಸಿ ನೋಡುವವರು ಅವರು. "ಪ್ಯಾಲಿಯೇಟಿವ್ ಅಂದರೆ ಕೈಬಿಟ್ಟ ಹಾಗೆ" ಎಂದು ನೆಂಟರು ಹೆದರಿಸುತ್ತಾರೆ, ಕಿವಿಗೊಡಬೇಡಿ. ಚಿಕಿತ್ಸೆ ನಡೆಯುತ್ತಿರುವಾಗಲೂ ಅವರು ಬರುತ್ತಾರೆ.

ಅಲ್ಲಿಯವರೆಗೆ ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಪೂರ್ತಿ ಪಕ್ಕಕ್ಕೆ ಬೇಡ, ಬೆನ್ನ ಹಿಂದೆ ದಿಂಬು ಕೊಟ್ಟು 30 ಡಿಗ್ರಿಯಷ್ಟು ಓರೆ ಸಾಕು. ಮೂಳೆಗೆ ಕ್ಯಾನ್ಸರ್ ಹರಡಿದ್ದರೆ ತಿರುಗಿಸುವ ವಿಧಾನವನ್ನು ನರ್ಸ್ ಹತ್ತಿರ ಕಲಿತೇ ಮಾಡಿ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಎತ್ತಿ. ಕೆಂಪಾದ ಜಾಗವನ್ನು ತಿಕ್ಕಬೇಡಿ, ನಡುವೆ ತೂತಿರುವ ರಿಂಗ್ ದಿಂಬೂ ಬೇಡ. ಏರ್ ಬೆಡ್ ಇದ್ದರೂ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ.

ಹುಣ್ಣಿನಿಂದ ವಾಸನೆ, ಕೀವು ಬಂದರೆ ಅಥವಾ ಕೀಮೋ ನಡುವೆ ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ರೌಂಡ್ಸ್‌ಗೆ ಕಾಯದೆ, ರಾತ್ರಿಯಾದರೂ ಸರಿ, ಡ್ಯೂಟಿ ಡಾಕ್ಟರನ್ನು ಕರೆಸಿ.