ಓದುಗರ ಪ್ರಶ್ನೆ: ಎರಡು ಹೊತ್ತಿನ ಸ್ನಾನ ಬೇಕೇ?

ಪ್ರಶ್ನೆ: ದಿನಕ್ಕೆರಡು ಸಲ ಸುಡುಸುಡು ನೀರಲ್ಲಿ ಸೋಪು ಹಚ್ಚಿ ಮೀಯುತ್ತೇನೆ. ಚಳಿಗಾಲದಲ್ಲಿ ಮೊಣಕಾಲ ಕೆಳಗೆ ವಿಪರೀತ ತುರಿಕೆ, ಉಗುರಲ್ಲಿ ಗೀರಿದರೆ ಬಿಳಿ ಗೆರೆ. ಸ್ನಾನ ಕಡಿಮೆ ಮಾಡಲೇ?

ಉತ್ತರ: ಆ ಬಿಳಿ ಗೆರೆಯೇ ಚರ್ಮ ಒಣಗಿದ್ದರ ಗುರುತು. ಬಿಸಿನೀರು, ಸೋಪು ಸೇರಿ ಮೈಯ ಜಿಡ್ಡನ್ನೆಲ್ಲ ತೊಳೆದುಬಿಡುತ್ತವೆ. ಮೊಣಕಾಲ ಕೆಳಗೆ ಜಿಡ್ಡಿನ ಗ್ರಂಥಿಗಳೇ ಕಡಿಮೆ, ಹಾಗಾಗಿ ಅಲ್ಲೇ ಮೊದಲು ತುರಿಸುವುದು. ಬೆವರು ಸುರಿಯುವ ಕರಾವಳಿಯ ಬೇಸಿಗೆಗೆ ಎರಡು ಸ್ನಾನ ಸರಿಯೇ. ಡಿಸೆಂಬರಿನಲ್ಲಿ ಒಂದು ಸಾಕು: ಉಗುರುಬೆಚ್ಚಗಿನ ನೀರು, 5ರಿಂದ 10 ನಿಮಿಷ. ಸೋಪು ಕಂಕುಳು, ತೊಡೆಸಂದು, ಪಾದಕ್ಕಷ್ಟೇ. ಟವೆಲಿನಲ್ಲಿ ಉಜ್ಜದೆ ಒತ್ತಿ ಒರೆಸಿ, ಮೈ ಇನ್ನೂ ಹಸಿಯಿರುವಾಗಲೇ ಮಾಯಿಶ್ಚರೈಸರ್ ಹಚ್ಚಿ. ವಾರದ ಎಣ್ಣೆಸ್ನಾನ ಖಂಡಿತ ಬಿಡಬೇಡಿ. ಆದರೆ ಕಾಲಿಗೆ ಸೀಗೆಪುಡಿ ತಿಕ್ಕಬೇಡಿ, ಕಡಲೆಹಿಟ್ಟು ಸಾಕು. ಎರಡು ವಾರಕ್ಕೂ ತುರಿಕೆ ನಿಲ್ಲದಿದ್ದರೆ ಚರ್ಮವೈದ್ಯರಿಗೆ ತೋರಿಸಿ.